ಎರಡಡಿ ಟ್ಯಾಂಕಿನಲ್ಲಿ ಒಂಟಿ ಗೋಲ್ಡ್ ಫಿಶ್: ಜೊತೆಗೆ ಯಾವ ಮೀನು ಬಿಡಲಿ? ಸಾಕಿದವರು ಹೇಳಿ

ಕೇಳಿದವರು, ಮಡಿಕೇರಿ:
ನಮ್ಮದು ಎರಡಡಿ ಟ್ಯಾಂಕ್. ಅಗಲ ಒಂದಡಿ, ಎತ್ತರ ಒಂದಡಿ. ಒಳಗೆ ಒಂದೇ ಒಂದು ಒರಾಂಡಾ ಜಾತಿಯ ಗೋಲ್ಡ್ ಫಿಶ್ ಇದೆ, ಬಾಲ ಬಿಟ್ಟು ಮೂರಿಂಚು. ಜೊತೆಗಿದ್ದದ್ದು ನಮ್ಮ ಕೊಡಗಿನ ಕೈಲ್ ಮುಹೂರ್ತ ಹಬ್ಬ ಮುಗಿದ ವಾರ ಸತ್ತುಹೋಯಿತು. ಅವತ್ತಿನಿಂದ ಇದು ಫಿಲ್ಟರ್ ಹಿಂದಿನ ಮೂಲೆ ಬಿಟ್ಟು ಬರುತ್ತಿಲ್ಲ. ಮಗಳಿಗೆ ಏಳು ವರ್ಷ. ಶಾಲೆಯಿಂದ ಬಂದವಳೇ ಬ್ಯಾಗ್ ಇಳಿಸುವ ಮೊದಲು "ಅಮ್ಮಾ, ಅದಕ್ಕೆ ಫ್ರೆಂಡ್ ಯಾವಾಗ ತರ್ತೀಯಾ?" ಅಂತ ಕೇಳುತ್ತಾಳೆ. ಬಾವಿ ನೀರು, ಸ್ಪಂಜ್ ಫಿಲ್ಟರ್, ಹೀಟರ್ ಇಲ್ಲ. ಗಪ್ಪಿ, ಗಾಜಿಗೆ ಅಂಟುವ ಸಕ್ಕರ್ ಮೀನು, ಬಸವನಹುಳು, ಇನ್ನೊಂದು ಗೋಲ್ಡ್ ಫಿಶ್, ಇವುಗಳಲ್ಲಿ ಯಾವುದು ಆಗಬಹುದು? 1,500 ರೂಪಾಯಿ ಒಳಗೆ ಮುಗಿಯಬೇಕು.

ಕುಶಾಲನಗರ:
ಅಕ್ಕ, ಸಕ್ಕರ್ ಮಾತ್ರ ಬೇಡವೇ ಬೇಡ. ನಾನು ಅನುಭವಿಸಿದ್ದೇನೆ. ಅಂಗಡಿಯವರು "ಗಾಜು ಕ್ಲೀನ್ ಮಾಡುತ್ತೆ, ಪಾಚಿ ತಿನ್ನುತ್ತೆ" ಅಂದರು. 40 ರೂಪಾಯಿಗೆ ತಂದೆ. ನಾಲ್ಕು ತಿಂಗಳು ಏನೂ ತೊಂದರೆ ಇರಲಿಲ್ಲ. ಒಂದು ರಾತ್ರಿ ನೀರು ಕುಡಿಯಲು ಎದ್ದವನು ಸುಮ್ನೆ ಟ್ಯಾಂಕಿಗೆ ಟಾರ್ಚ್ ಬಿಟ್ಟೆ. ಸಕ್ಕರ್ ನನ್ನ ಒರಾಂಡಾದ ಪಕ್ಕೆಗೆ ಬಾಯಿ ಕಚ್ಚಿಕೊಂಡು ಅಂಟಿತ್ತು. ಒರಾಂಡಾ ಅಲ್ಲಾಡದೆ ತಳದಲ್ಲಿ ಕೂತಿತ್ತು. ಬೆಳಿಗ್ಗೆ ನೋಡಿದರೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಪೊರೆ ಇಲ್ಲ, ಒಳಗಿನ ಗುಲಾಬಿ ಮಾಂಸ ಕಾಣುತ್ತಿತ್ತು. ಅದಕ್ಕೆ ಬೇಕಾಗಿದ್ದದ್ದು ಪಾಚಿ ಅಲ್ಲ, ಗೋಲ್ಡ್ ಫಿಶ್ ಮೈಮೇಲಿನ ಲೋಳೆ.

40 ಲೀಟರ್ ಟಬ್ಬಿನಲ್ಲಿ ಬೇರೆ ಇಟ್ಟೆ. 120 ಗ್ರಾಂ ಕಲ್ಲುಪ್ಪು. ದಿನಾ ಅರ್ಧ ನೀರು ಬದಲು, ಮತ್ತೆ 60 ಗ್ರಾಂ ಉಪ್ಪು. ಟಬ್ 320, ಮೆಥಿಲೀನ್ ಬ್ಲೂ 90, ಎರಡನೇ ಏರ್ ಪಂಪ್ 450, ಮೈಸೂರಿಂದ ತರಿಸಿದ ಔಷಧಿ 380, ಬಸ್ಸಿನವರಿಗೆ ಕೊಟ್ಟದ್ದು 50. ಒಟ್ಟು 1,290. ಮೀನಿನ ಬೆಲೆ 350. ಹನ್ನೆರಡನೇ ದಿನ ಹೋಯಿತು. ಸಕ್ಕರ್ ಈಗ ಹನ್ನೊಂದಿಂಚು ಬೆಳೆದು ಹಿತ್ತಿಲ ಸಿಮೆಂಟ್ ತೊಟ್ಟಿಯಲ್ಲಿದೆ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಅದನ್ನು ನೋಡಿದಾಗೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ.

ಮಡಿಕೇರಿ, ಕಾಲೇಜು ರಸ್ತೆ:
ಗಪ್ಪಿ ಬಗ್ಗೆ ನಾನು ಹೇಳುತ್ತೇನೆ. ಹದಿನಾಲ್ಕು ಗಪ್ಪಿ, ತಲಾ 20, ಒಟ್ಟು 280. ಜುಲೈ ತಿಂಗಳು, ಬೆಳಿಗ್ಗೆ ನೀರು 17 ಡಿಗ್ರಿ. ಗಪ್ಪಿಗಳು ರೆಕ್ಕೆ ಮುದುಡಿಕೊಂಡು ಮೇಲೆ ತೇಲುತ್ತಿದ್ದವು. ಪಾಪ ಅನ್ನಿಸಿ 950 ಕೊಟ್ಟು 100 ವಾಟ್ ಹೀಟರ್ ತಂದು 26ಕ್ಕೆ ಇಟ್ಟೆ. ಗಪ್ಪಿ ಚೇತರಿಸಿಕೊಂಡವು, ಗೋಲ್ಡ್ ಫಿಶ್ ಬಾಯಿ ಮೇಲೆತ್ತಿ ಗಾಳಿ ಕುಡಿಯಲು ಶುರು ಮಾಡಿತು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಅಲ್ವಾ.

ಆಮೇಲೆ ಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ. ಒಂದೇ ರಾತ್ರಿಗೆ 26ರಿಂದ 18. ಎಲ್ಲಕ್ಕೂ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ರೋಗ ಬಂತು. ಒಂಬತ್ತು ಗಪ್ಪಿ ಸತ್ತವು. ಉಳಿದ ಐದರಲ್ಲಿ ಎರಡು ಕಾಣೆ. ಎಲ್ಲಿ ಹೋದವು ಅಂತ ಹುಡುಕುವಾಗ ಗೋಲ್ಡ್ ಫಿಶ್ ಬಾಯಿಯಿಂದ ಒಂದು ಬಾಲ ಹೊರಗೆ ಕಂಡಿತು. ಬಾಯಿಗೆ ಹಿಡಿಸುವುದನ್ನು ಅದು ತಿಂದೇ ತಿನ್ನುತ್ತದೆ. 18ರಿಂದ 22 ಡಿಗ್ರಿ ಗೋಲ್ಡ್ ಫಿಶ್‌ಗೆ ಹಿತ. ನಮ್ಮ ಮಡಿಕೇರಿಯ ಚಳಿ ಅದಕ್ಕೆ ಹೇಳಿ ಮಾಡಿಸಿದ್ದು. ಬಿಸಿ ಬೇಡುವ ಮೀನು ತಂದು ಎರಡಕ್ಕೂ ಹಿಂಸೆ ಕೊಟ್ಟೆ.

ಸೋಮವಾರಪೇಟೆ:
ಎಲ್ಲರೂ ಬೇಡ ಬೇಡ ಅನ್ನುತ್ತಿದ್ದೀರಿ. ನನ್ನದು ಸರಿಯಾಗಿ ನಡೆಯುತ್ತಿದೆ, ಅದನ್ನೂ ಕೇಳಿ. ರೋಸಿ ಬಾರ್ಬ್. ನಮ್ಮ ದೇಶದ್ದೇ ಮೀನು, ಉತ್ತರದ ತಣ್ಣೀರಿನ ತೊರೆಗಳಲ್ಲಿ ಇರುವಂಥದ್ದು. ಹೀಟರ್ ಬೇಡ. ಎಂಟು ರೋಸಿ, ಎರಡು ಗೋಲ್ಡ್ ಫಿಶ್, ಮೂರು ವರ್ಷ ಆಯಿತು, ಒಂದೂ ಸತ್ತಿಲ್ಲ. ಗಂಡು ರೋಸಿ ಬಣ್ಣ ಏರಿಸಿಕೊಂಡರೆ ಹಣ್ಣಾದ ಕಾಫಿಯ ಕೆಂಪು. ಬಂದ ನೆಂಟರೆಲ್ಲ ಟ್ಯಾಂಕ್ ಮುಂದೆಯೇ ಕೂರುತ್ತಾರೆ. ಒಂದೆರಡು ಬೇಡ, ಆರಾದರೂ ತನ್ನಿ. ಗುಂಪಿದ್ದರೆ ಅವು ತಮ್ಮೊಳಗೇ ಓಡಾಡಿಕೊಂಡು ಇರುತ್ತವೆ. ಟೈಗರ್ ಬಾರ್ಬ್ ತರಬೇಡಿ, ಅದು ಬಾಲ ಕಚ್ಚುತ್ತದೆ.

ವಿರಾಜಪೇಟೆ:
ಸೋಮವಾರಪೇಟೆಯವರೇ, ನಿಮ್ಮ ಟ್ಯಾಂಕ್ ಎಷ್ಟು ದೊಡ್ಡದು ಅಂತ ಹೇಳಲೇ ಇಲ್ಲ. ನಿಮ್ಮ ಗೋಲ್ಡ್ ಫಿಶ್ ಯಾವ ಜಾತಿ ಅಂತಲೂ ಇಲ್ಲ. ಈ ಮೇಡಂ ಹತ್ರ ಇರುವುದು 55 ಲೀಟರ್ ನೀರು, ಒಂದು ಒರಾಂಡಾ. ಅದು ತಲೆಯ ಗಂಟು ಹೊತ್ತು ನಿಧಾನ ಈಜುವ ಮೀನು. ರೋಸಿಗಳು ಬಾಣದ ಹಾಗೆ ಬಂದು ಆಹಾರ ಮುಗಿಸುತ್ತವೆ. ಇದು ತಿರುಗಿ ನೋಡುವಷ್ಟರಲ್ಲಿ ಎಲ್ಲ ಖಾಲಿ.

ನನ್ನ ಕಥೆ ಸ್ವಲ್ಪ ಉದ್ದ, ಆದರೂ ಓದಿ. ನನ್ನದೂ ಎರಡಡಿ ಟ್ಯಾಂಕ್ ಆಗಿತ್ತು. ಮೂರು ಒರಾಂಡಾ ಮತ್ತು ನಾಲ್ಕು ಬಸವನಹುಳು ಇದ್ದವು. ನಮ್ಮ ಕಡೆ ಬಾವಿ ನೀರಿನಲ್ಲಿ ಸುಣ್ಣ ಕಡಿಮೆ, ಹುಳಿ ಜಾಸ್ತಿ. ಎರಡು ತಿಂಗಳಲ್ಲಿ ಬಸವನಹುಳುಗಳ ಚಿಪ್ಪು ಬೆಳ್ಳಗಾಗಿ ತುದಿಯಲ್ಲಿ ತೂತು ಬಿತ್ತು. ಅವುಗಳ ಮೀಸೆಯನ್ನು ಒರಾಂಡಾಗಳು ಮೊದಲೇ ಕಿತ್ತು ತಿಂದಿದ್ದವು. ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಿದೆ, ಸಾಲಲಿಲ್ಲ. ನೀರು ಪರೀಕ್ಷಿಸುವ ಕಿಟ್ ತಂದು ನೋಡಿದರೆ ಪಿಎಚ್ (ಕಡಿಮೆಯಾದಷ್ಟೂ ನೀರು ಹುಳಿ) 6, ಮೀನಿನ ಹೊಲಸಿನಿಂದ ಬರುವ ಅಮೋನಿಯಾ 4. ಅಷ್ಟಿದ್ದರೂ ಮೀನುಗಳು ಆರಾಮಾಗಿದ್ದವು.

ಯಾರೋ ಅಡುಗೆ ಸೋಡಾ ಹಾಕಿದರೆ ಹುಳಿ ಹೋಗುತ್ತದೆ ಅಂದರು. ಎರಡು ಚಮಚ ಹಾಕಿದೆ. ಸಂಜೆ ಹೊತ್ತಿಗೆ ಪಿಎಚ್ 8. ಹುಳಿ ನೀರಿನಲ್ಲಿ ಅಮೋನಿಯಾ ಅಮೋನಿಯಂ ಆಗಿ ಸುಮ್ಮನಿರುತ್ತದೆ, ಪಿಎಚ್ ಏರಿದರೆ ವಿಷವಾಗುತ್ತದೆ. 6ರಿಂದ 8ಕ್ಕೆ ಹೋದರೆ ವಿಷದ ಪಾಲು ಸುಮಾರು ನೂರು ಪಟ್ಟು ಹೆಚ್ಚು. ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಲೈಟ್ ಹಾಕಿದೆ. ಮೂರೂ ಒರಾಂಡಾ ತಳದಲ್ಲಿ ಅಡ್ಡ ಬಿದ್ದಿದ್ದವು. ಕಿವಿರು ಕೆಂಪಗೆ ತೆರೆದುಕೊಂಡಿತ್ತು. ನಾಲ್ಕು ವರ್ಷ ಸಾಕಿದ ಮೀನುಗಳು. ಅವತ್ತು ನಾನು ಕೆಲಸಕ್ಕೆ ಹೋಗಲಿಲ್ಲ.

ಆಮೇಲೆ ಮೂರಡಿ ಟ್ಯಾಂಕ್ ಮಾಡಿಸಿದೆ. ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, 190 ಲೀಟರ್. ಗಾಜು, ಸ್ಟ್ಯಾಂಡ್, ಸಾಗಾಣಿಕೆ ಸೇರಿ 8,600. ದಾರಿಯಲ್ಲಿ ಒಂದು ಗಾಜು ಬಿರುಕು ಬಿಟ್ಟು ಮತ್ತೆ 700. ಅದರಲ್ಲಿ ಈಗ ಎರಡೇ ಒರಾಂಡಾ. ಬೇರೆ ಯಾವ ಜಾತಿಯೂ ಇಲ್ಲ. ಗೋಲ್ಡ್ ಫಿಶ್‌ಗೆ ಗೋಲ್ಡ್ ಫಿಶ್ ಮಾತ್ರ ಜೊತೆ.

ಸೋಮವಾರಪೇಟೆ:
ನನ್ನದು ನಾಲ್ಕಡಿ ಟ್ಯಾಂಕ್. ಗೋಲ್ಡ್ ಫಿಶ್ ಉದ್ದ ಮೈಯ ಸಾದಾ ಜಾತಿ. ಹೇಳಬೇಕಿತ್ತು, ಒಪ್ಪುತ್ತೇನೆ. ಆದರೆ ನೀವು ಕಿಟ್ ನೋಡಿಯೂ ನೀರು ಬದಲಿಸದೆ ಸೋಡಾ ಸುರಿದದ್ದಕ್ಕೆ ನನ್ನ ರೋಸಿಗಳನ್ನು ಯಾಕೆ ಬೈಯುತ್ತೀರಿ? ಮೂರು ವರ್ಷದಲ್ಲಿ ನನಗೆ ಒಂದೂ ಸತ್ತಿಲ್ಲ.

ವಿರಾಜಪೇಟೆ:
ನನ್ನ ತಪ್ಪು ನಾನೇ ಬರೆದಿದ್ದೇನೆ, ಇನ್ನೊಬ್ಬರು ಮಾಡದಿರಲಿ ಅಂತ. ಅದನ್ನೇ ಎತ್ತಿ ಆಡುವುದು ಸರಿಯಲ್ಲ. ನಾಲ್ಕಡಿ ಟ್ಯಾಂಕ್ ಇಟ್ಟುಕೊಂಡು ಎರಡಡಿಯವರಿಗೆ ಆರು ಮೀನು ತನ್ನಿ ಅಂದಿರಿ. ಅದರಿಂದಲೇ ಮೀನು ಸಾಯುವುದು.

ಗೋಣಿಕೊಪ್ಪ:
ಇಷ್ಟೆಲ್ಲ ಖರ್ಚು ಯಾಕೆ ಮಾರಾಯ್ರೆ? ನಾನು ಗದ್ದೆ ಪಕ್ಕದ ತೋಡಿನಲ್ಲಿ ಕೂಳಿ ಇಟ್ಟು ಹಿಡಿದ ಸಣ್ಣ ಮೀನುಗಳನ್ನೇ ಬಿಟ್ಟಿದ್ದೇನೆ. ಬಾಲದ ಹತ್ರ ಕಪ್ಪು ಚುಕ್ಕೆ ಇರುವಂಥವು. ಒಂದು ಪೈಸೆ ಖರ್ಚಿಲ್ಲ, ನಮ್ಮ ಚಳಿಗೆ ಒಗ್ಗಿದವು. ಗೋಲ್ಡ್ ಫಿಶ್ ಮೈಮೇಲೆ ಒಂದು ಸಲ ದಾರದ ಹಾಗೆ ಹುಳ ಬಂದಿತ್ತು. ಚಿಮುಟದಲ್ಲಿ ಹಿಡಿದು ನಿಧಾನಕ್ಕೆ ಎಳೆದೆ, ಅರ್ಧ ಇಂಚು ಉದ್ದ ಬಂತು. ಆ ಜಾಗಕ್ಕೆ ಅರಿಶಿನ ಹಚ್ಚಿದೆ, ಗುಣ ಆಯಿತು. ಕುಶಾಲನಗರದವರು ಸಕ್ಕರ್ ಇಟ್ಟುಕೊಂಡು ಯಾಕೆ ಕಷ್ಟ ಪಡುತ್ತೀರಿ? ಹೊಳೆಗೆ ಬಿಟ್ಟುಬಿಡಿ, ಬದುಕಿಕೊಳ್ಳುತ್ತದೆ.

ಸಿದ್ದಾಪುರ:
ಗೋಣಿಕೊಪ್ಪದವರೇ, ದಯವಿಟ್ಟು ಈ ಮಾತು ವಾಪಸ್ ತಗೊಳ್ಳಿ. ಬದುಕಿಕೊಳ್ಳುತ್ತದೆ, ಅದೇ ಭಯ. ಅದು ದಕ್ಷಿಣ ಅಮೆರಿಕದ ಮೀನು. ಮೈಯೆಲ್ಲ ಗಟ್ಟಿ ಕವಚ, ದಡ ಕೊರೆದು ಬಿಲದಲ್ಲಿ ಮೊಟ್ಟೆ ಇಡುತ್ತದೆ. ನಮ್ಮ ಮನೆಯಿಂದ ಕಾವೇರಿ ಹತ್ತು ನಿಮಿಷದ ದಾರಿ. ಚಿಕ್ಕಂದಿನಲ್ಲಿ ಅಜ್ಜನ ಜೊತೆ ಹೋಗಿ ಹೊಳೆಯ ಮಹಸೀರ್ ಮೀನಿಗೆ ಮಂಡಕ್ಕಿ ಹಾಕುತ್ತಿದ್ದೆ. ಕಾವೇರಿಯಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಡುಬ್ಬದ ಮಹಸೀರ್ ಈಗ ಅಳಿವಿನ ಅಂಚಿನಲ್ಲಿದೆ. ಆಫ್ರಿಕನ್ ಕ್ಯಾಟ್ ಫಿಶ್ ಸಾಕುವುದನ್ನು ಸರ್ಕಾರ 2000ದಲ್ಲೇ ನಿಷೇಧಿಸಿತು. ಅದು ಹೊಳೆ ಸೇರಿಯಾಗಿದೆ. ಒಮ್ಮೆ ಬಿಟ್ಟ ಮೇಲೆ ಯಾರೂ ವಾಪಸ್ ಹಿಡಿಯಲು ಆಗಲ್ಲ. ತೋಡಿನ ಮೀನು ತಂದಿರಿ, ಜೊತೆಗೆ ಆ ದಾರದ ಹುಳವೂ ಬಂತು. ಅದು ಎಲ್ಲಿಂದ ಬಂತು ಅಂದುಕೊಂಡಿರಿ?

ಗೋಣಿಕೊಪ್ಪ:
ಒಂದು ಸಕ್ಕರ್‌ಗೆ ಇಷ್ಟು ಮಾತು. ಕಾಫಿ ಪಲ್ಪಿಂಗ್ ಮಾಡಿದ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿದ ನೀರನ್ನು ತೋಡಿಗೆ ಬಿಡುವವರನ್ನು ಯಾರೂ ಕೇಳಲ್ಲ. ಜನವರಿಯಲ್ಲಿ ಬಂದು ನೋಡಿ, ನಮ್ಮ ತೋಡು ಕಪ್ಪಾಗಿ ಹುಳಿ ವಾಸನೆ ಹೊಡೆಯುತ್ತದೆ. ಹೋದ ವರ್ಷ ಒಂದೇ ಬೆಳಿಗ್ಗೆ ಬಕೆಟ್ ತುಂಬಾ ಸತ್ತ ಮೀನು ಹೆಕ್ಕಿದ್ದೇನೆ. ನಾನು ತಂದು ಟ್ಯಾಂಕಿಗೆ ಹಾಕಿದವಾದರೂ ಬದುಕಿವೆ.

ಸಿದ್ದಾಪುರ:
ಪಲ್ಪಿಂಗ್ ನೀರಿನ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ನಿಜ. ನಾನೂ ದೂರು ಕೊಟ್ಟವನೇ. ಆದರೆ ಅದು ತಪ್ಪು ಅಂತ ಇದು ಸರಿ ಆಗಲ್ಲ.

ಕುಶಾಲನಗರ:
ನಾನು ಹೊಳೆಗೆ ಬಿಡಲ್ಲ, ಯಾರೂ ಜಗಳ ಮಾಡಬೇಡಿ. ಮೂರು ವರ್ಷದಿಂದ ಸೌತೆಕಾಯಿ ಹಾಕಿ ಸಾಕುತ್ತಿದ್ದೇನೆ. ತಂದದ್ದು ನಾನು, ಕೊನೆಯವರೆಗೂ ನೋಡಿಕೊಳ್ಳುವವನೂ ನಾನೇ.

ಕೇಳಿದವರು, ಮಡಿಕೇರಿ:
ಎಲ್ಲರ ಅನುಭವವನ್ನೂ ಎರಡೆರಡು ಸಲ ಓದಿದೆ. ವಿರಾಜಪೇಟೆ ಸರ್ ಬರೆದದ್ದು ನೋಡಿ ಹೆದರಿ ಕಿಟ್ ತರಿಸಿದೆ, 800 ಆಯಿತು. ಪಿಎಚ್ 6.4, ಅಮೋನಿಯಾ 2. ಕೈಲ್ ಮುಹೂರ್ತದ ವಾರ ಮನೆ ತುಂಬಾ ನೆಂಟರು. ಬಂದ ಮಕ್ಕಳೆಲ್ಲ ಮೀನಿಗೆ ಊಟ ಹಾಕುತ್ತಿದ್ದರು, ನಾನು ಅಡುಗೆಮನೆಯಲ್ಲಿ ಕಡುಬಿನ ಕೆಲಸದಲ್ಲಿದ್ದೆ. ಹದಿನೈದು ದಿನ ನೀರು ಬದಲಿಸಿರಲಿಲ್ಲ. ಅದು ಮೂಲೆಯಲ್ಲಿ ನಿಂತದ್ದು ಜೊತೆ ಇಲ್ಲದೆ ಅಂದುಕೊಂಡಿದ್ದೆ. ಈಗ ನೋಡಿದರೆ ನೀರೇ ಕೆಟ್ಟಿತ್ತು. ಎಷ್ಟು ನೀರು ತೆಗೆಯಲಿ?

ವಿರಾಜಪೇಟೆ:
ದಿನಾ ಹತ್ತು ಲೀಟರ್, ಒಂದು ವಾರ. ಒಂದೇ ಸಲ ಎಲ್ಲ ತೆಗೆಯಬೇಡಿ. ಸೋಡಾ ಮುಟ್ಟಬೇಡಿ. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ, ನಲ್ಲಿ ಕೆಳಗೆ ಹಿಡಿಯಬೇಡಿ. ಊಟ ಎರಡು ದಿನ ಪೂರ್ತಿ ನಿಲ್ಲಿಸಿ, ಆಮೇಲೆ ದಿನಕ್ಕೆ ನಾಲ್ಕು ಕಾಳು. ಅಮೋನಿಯಾ ಸೊನ್ನೆ ಆಗುವವರೆಗೆ ಹೊಸ ಮೀನಿನ ಮಾತು ಬೇಡ.

ಸೋಮವಾರಪೇಟೆ:
ಇದನ್ನು ನಾನೂ ಒಪ್ಪುತ್ತೇನೆ. ಮುಂದೆ ದೊಡ್ಡ ಟ್ಯಾಂಕ್ ಮಾಡಿಸಿದರೆ ಹೇಳಿ ಮೇಡಂ, ನನ್ನ ರೋಸಿ ಮರಿಗಳನ್ನು ದುಡ್ಡಿಲ್ಲದೆ ಕೊಡುತ್ತೇನೆ. ಒರಾಂಡಾ ಜೊತೆ ಬೇಡ ಅನ್ನುವವರು ಬಂದು ನನ್ನ ಟ್ಯಾಂಕ್ ನೋಡಲಿ.

ವಿರಾಜಪೇಟೆ:
ನಿಮ್ಮದು ಒರಾಂಡಾ ಅಲ್ಲ ಅಂತ ನೀವೇ ಹೇಳಿದಿರಿ.

ಮಡಿಕೇರಿ, ಕಾಲೇಜು ರಸ್ತೆ:
ಇವರಿಬ್ಬರು ಮುಗಿಸುವುದಿಲ್ಲ. ಅಕ್ಕ, ನನ್ನ ಹತ್ರ ಬ್ಯಾಟರಿ ಏರ್ ಪಂಪ್ ಎರಡಿದೆ. ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ, ಕರೆಂಟ್ ನಂಬಬೇಡಿ. ಒಂದು ಬಂದು ತಗೊಂಡು ಹೋಗಿ.

ಕೇಳಿದವರು, ಮಡಿಕೇರಿ:
ಪಂಪ್ ತಂದೆ, ತುಂಬಾ ಉಪಕಾರ ಆಯಿತು. ಇವತ್ತು ಆರನೇ ದಿನ, ಅಮೋನಿಯಾ 0.5. ಬೆಳಿಗ್ಗೆ ಅದು ಫಿಲ್ಟರ್ ಹಿಂದಿನಿಂದ ಹೊರಗೆ ಬಂದು ಜಲ್ಲಿ ಬಾಯಿಗೆ ಹಾಕಿಕೊಂಡು ಉಗುಳುತ್ತಿತ್ತು. ಮಗಳು ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ಮೀನು ಬಂದು ಆ ಕಡೆಯಿಂದ ಅವಳ ಮೂಗನ್ನೇ ಕುಕ್ಕಿತು. ಫ್ರೆಂಡ್ ಬಗ್ಗೆ ಇವತ್ತು ಕೇಳಲಿಲ್ಲ. ಸಂಜೆ ಹತ್ತು ಲೀಟರ್ ಬಕೆಟ್ ಅವಳೇ ಎತ್ತುತ್ತಾಳಂತೆ.