ಇನೋವಾದ ಸ್ಟೆಬಿಲೈಸರ್ ಬಾರ್‌ಗೆ ಗ್ರೀಸ್ ತುಂಬುವ ಬುಷ್ ಹಾಕಿಸುವುದು ಸರಿಯೇ?

ಪ್ರಶ್ನೆ (ಮೂಡಿಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮದು 2012ರ ಡೀಸೆಲ್ ಇನೋವಾ. ಮನೆಯಿಂದ ಡಾಂಬರು ರಸ್ತೆ ಸೇರುವವರೆಗೂ ತೋಟದ ಕಚ್ಚಾ ದಾರಿ. ಅಲ್ಲಿಂದ ಮುಂದೆ ಚಾರ್ಮಾಡಿ ಘಾಟಿ ಇಳಿದು ಉಜಿರೆಗೋ ಮಂಗಳೂರಿಗೋ ಹೋಗುವುದು ಆಗಾಗ ಇದ್ದೇ ಇರುತ್ತದೆ. ಕಳೆದ ಮಳೆಗಾಲದಿಂದ, ನಿಧಾನವಾಗಿ ಹಂಪ್ ದಾಟುವಾಗ, ಅದರಲ್ಲೂ ಒಂದೇ ಕಡೆಯ ಚಕ್ರ ಗುಂಡಿಗೆ ಇಳಿದಾಗ, ಮುಂಭಾಗದ ಅಡಿಯಿಂದ ಕಿರ್ರೆನ್ನುವ ಸದ್ದು ಬರುತ್ತಿದೆ. ಗ್ಯಾರೇಜಿನಲ್ಲಿ ಸ್ಟೆಬಿಲೈಸರ್ ಬಾರ್‌ನ (ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯಲು ಎರಡೂ ಮುಂಚಕ್ರಗಳ ಸಸ್ಪೆನ್ಷನ್ನನ್ನು ಜೋಡಿಸುವ ಉಕ್ಕಿನ ಸರಳು) ಎರಡೂ ಬುಷ್‌ಗಳನ್ನು, ಅಂದರೆ ಅದನ್ನು ಫ್ರೇಮಿಗೆ ಹಿಡಿದಿಡುವ ರಬ್ಬರ್ ತುಂಡುಗಳನ್ನು, ಬದಲಾಯಿಸಿದರು. ಕೆಲವು ತಿಂಗಳು ಗಾಡಿ ಸುಮ್ಮನಿತ್ತು, ಈಗ ಮತ್ತೆ ಅದೇ ಸದ್ದು. ಬಿಚ್ಚಿ ನೋಡಿದಾಗ ಹೊಸದಾಗಿ ಹಾಕಿದ ರಬ್ಬರ್ ಅಂಚುಗಳಲ್ಲಿ ಉಬ್ಬಿಕೊಂಡು, ಒಳಮೈ ಅಂಟಂಟಾಗಿ, ಉಗುರಿನಿಂದ ಗೀರಿದರೆ ಕಪ್ಪು ಕಿತ್ತು ಬರುವ ಸ್ಥಿತಿಯಲ್ಲಿತ್ತು.

ಮೆಕ್ಯಾನಿಕ್ ಎರಡು ದಾರಿ ಹೇಳಿದ್ದಾರೆ. ಬುಷ್ಷನ್ನು ಅಪ್ಪಿ ಹಿಡಿಯುವ ಹಳೆಯ ಕ್ಲ್ಯಾಂಪಿಗೆ ತೂತು ಕೊರೆದು ಗ್ರೀಸ್ ನಿಪ್ಪಲ್ (ಗ್ರೀಸ್ ಗನ್ನಿನ ಮೂತಿ ಹಚ್ಚುವ ಸಣ್ಣ ತುದಿ) ಕೂರಿಸಿ, ರಬ್ಬರ್ ಬುಷ್‌ಗೇ ಆಗಾಗ ಗ್ರೀಸ್ ಹೊಡೆಯುವುದು ಒಂದು. ನಿಪ್ಪಲ್ ಸಮೇತ ಬರುವ ಪಾಲಿಯುರಿಥೇನ್ ಬುಷ್ ಸೆಟ್ ತರಿಸಿ ಹಾಕುವುದು ಇನ್ನೊಂದು. ಇವುಗಳಲ್ಲಿ ಯಾವುದು ಸರಿ, ಯಾವ ಗ್ರೀಸ್ ಬಳಸಬೇಕು, ಕೂರಿಸುವಾಗ ಗಮನಿಸಬೇಕಾದದ್ದು ಏನು, ಮತ್ತು ಇದರಿಂದ ಘಾಟಿಯ ತಿರುವುಗಳಲ್ಲಿ ಗಾಡಿ ವಾಲುವುದು ಕಡಿಮೆಯಾಗುತ್ತದೆಯೇ ಎಂಬುದನ್ನು ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಹುಬ್ಬಳ್ಳಿಯಿಂದ)

ನಮಸ್ಕಾರ ಸರ್. ಮೊದಲನೆಯ ದಾರಿಯನ್ನು ದಯವಿಟ್ಟು ಕೈಬಿಡಿ. ರಬ್ಬರ್ ಬುಷ್ ಮತ್ತು ಪಾಲಿಯುರಿಥೇನ್ ಬುಷ್ ನೋಡಲು ಒಂದೇ ಆಕಾರದವಾದರೂ ಅವು ಕೆಲಸ ಮಾಡುವ ರೀತಿಯೇ ಬೇರೆ. ರಬ್ಬರ್ ಬುಷ್ ಬಾರನ್ನು ಬಿಗಿಯಾಗಿ ಹಿಡಿದಿರುತ್ತದೆ. ಚಕ್ರ ಮೇಲೆ ಕೆಳಗೆ ಹೋದಂತೆ ಬಾರ್ ತಿರುಗಿದಾಗ, ಒದ್ದೆ ಬಟ್ಟೆ ಹಿಂಡಿದಂತೆ ರಬ್ಬರ್ ತಾನೇ ತಿರುಚಿಕೊಂಡು ಆ ಚಲನೆಯ ಬಹುಪಾಲನ್ನು ನುಂಗಿ, ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಅಲ್ಲಿಗೆ ಗ್ರೀಸ್ ತುಂಬಿದರೆ ಆ ಹಿಡಿತವೇ ಹೋಗುತ್ತದೆ. ಅಲ್ಲದೆ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಸಿಗುವ ಖನಿಜ ತೈಲದ ಗ್ರೀಸ್ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಕೆಲವು ಹೊಸ ಗಾಡಿಗಳಲ್ಲಿ ಬುಷ್ಷನ್ನು ಕಾರ್ಖಾನೆಯಲ್ಲೇ ಬಾರಿಗೆ ಅಂಟಿಸಿ ಕಳಿಸಿರುತ್ತಾರೆ. ಅಲ್ಲಂತೂ ಗ್ರೀಸಿಗೆ ಜಾಗವೇ ಇಲ್ಲ.

ಪಾಲಿಯುರಿಥೇನ್ ಹಾಗಲ್ಲ. ಅದು ಗಟ್ಟಿ ವಸ್ತು, ತಿರುಚಿಕೊಳ್ಳುವುದು ಬಹಳ ಕಡಿಮೆ, ಆದ್ದರಿಂದ ಬಾರ್ ಅದರೊಳಗೆ ಜಾರಬೇಕು. ಒಣಗಿದ ಮೈಯ ಮೇಲೆ ಜಾರಿದರೆ ಈಗಿನದಕ್ಕಿಂತ ದೊಡ್ಡ ಕಿರುಚಾಟ ಕೇಳಬೇಕಾಗುತ್ತದೆ. ಅದಕ್ಕಾಗಿಯೇ ಅಂಥ ಸೆಟ್‌ಗಳಲ್ಲಿ ಕ್ಲ್ಯಾಂಪಿಗೆ ನಿಪ್ಪಲ್, ಅದರ ನೇರಕ್ಕೆ ಬುಷ್‌ನಲ್ಲಿ ತೂತು, ಒಳಮೈಯಲ್ಲಿ ಗ್ರೀಸ್ ಹರಡಿ ನಿಲ್ಲಲು ಗ್ರೂವ್ ಇರುತ್ತವೆ. ತೂತು, ಗ್ರೂವ್ ಇಲ್ಲದೆ ಬರೀ ನಿಪ್ಪಲ್ ಇದ್ದರೆ, ಗನ್ನಿನಿಂದ ಒತ್ತಿದ ಗ್ರೀಸ್ ಕ್ಲ್ಯಾಂಪಿಗೂ ಬುಷ್ಷಿಗೂ ನಡುವೆ ಸೇರಿ ಹೊರಗೆ ಬರುತ್ತದೆಯೇ ಹೊರತು ಬಾರ್ ತನಕ ಹೋಗುವುದಿಲ್ಲ.

ಸೆಟ್ ತರಿಸುವ ಮೊದಲು ಸದ್ದು ಬುಷ್‌ನದೇ ಎಂದು ಖಚಿತಪಡಿಸಿಕೊಳ್ಳಿ. ಸೋಪಿನ ನೀರನ್ನು ಬುಷ್‌ನ ಎರಡೂ ಅಂಚಿಗೆ ಚೆನ್ನಾಗಿ ಇಳಿಯುವಂತೆ ಸುರಿದು, ತಕ್ಷಣ ಅದೇ ಹಂಪ್ ದಾಟಿ ನೋಡಿ. ಸದ್ದು ಸ್ವಲ್ಪ ಹೊತ್ತಾದರೂ ನಿಂತರೆ ಬುಷ್‌ನದು. ನಿಲ್ಲದಿದ್ದರೆ ಬಾರ್ ತುದಿಯನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಲಿಂಕ್ ರಾಡನ್ನು ಎರಡೂ ಕಡೆ ಬಿಚ್ಚಿ, ತುದಿಗಳು ಯಾವುದಕ್ಕೂ ತಾಗದಂತೆ ಕಟ್ಟಿ, ತೋಟದ ದಾರಿಯಲ್ಲೇ ಜನಸಂಚಾರ ಇಲ್ಲದ ಕಡೆ ನಡಿಗೆಯ ವೇಗದಲ್ಲಿ ಓಡಿಸಿ. ಆಗಲೂ ಸದ್ದು ಬಂದರೆ ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ತಲೆಯ ರಬ್ಬರ್ ಇವುಗಳ ಕಡೆ ನೋಡಬೇಕು. ಇನೋವಾದ ಮುಂಭಾಗ ಡಬಲ್ ವಿಶ್‌ಬೋನ್ (ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ಆರ್ಮ್ ಹಿಡಿದಿರುವ ಜೋಡಣೆ) ಆದ್ದರಿಂದ ಮೇಲಿನ ಆರ್ಮ್‌ಗೂ ಬುಷ್‌ಗಳಿವೆ, ಅವನ್ನು ಮರೆಯಬೇಡಿ. ಲಿಂಕ್ ಬಿಚ್ಚಿದ ಗಾಡಿಯನ್ನು ಯಾವ ಕಾರಣಕ್ಕೂ ಘಾಟಿಗೆ ಒಯ್ಯಬೇಡಿ, ಅದು ವಿಪರೀತ ವಾಲುತ್ತದೆ.

ಅಳತೆಯ ವಿಷಯದಲ್ಲಿ ಅಂದಾಜು ನಡೆಯುವುದಿಲ್ಲ. ಬುಷ್ ಕೂರುವ ಜಾಗದಲ್ಲಿ ತುಕ್ಕನ್ನೂ ಏಳುತ್ತಿರುವ ಬಣ್ಣವನ್ನೂ ಎಮರಿ ಕಾಗದದಿಂದ ತೆಗೆದು, ವರ್ನಿಯರ್ ಕ್ಯಾಲಿಪರ್‌ನಲ್ಲಿ ಎರಡೂ ಕಡೆ, ಅಡ್ಡಕ್ಕೂ ಉದ್ದಕ್ಕೂ ಅಳೆಯಿರಿ. ರಬ್ಬರಿನೊಳಗೆ ಮಣ್ಣು ಸೇರಿ ಬಾರ್ ಒಂದು ಕಡೆ ಸವೆದಿರುವುದು ನಮ್ಮ ರಸ್ತೆಗಳಲ್ಲಿ ಅಪರೂಪವಲ್ಲ. ಕ್ಲ್ಯಾಂಪಿನ ಎರಡು ಬೋಲ್ಟ್‌ಗಳ ನಡುವಿನ ದೂರ ಮತ್ತು ಬುಷ್‌ನ ಎತ್ತರವನ್ನೂ ಬರೆದುಕೊಳ್ಳಿ. ಬಾರ್ ಗಾತ್ರಕ್ಕೆ ಹೊಂದಿ ಕ್ಲ್ಯಾಂಪಿಗೆ ಹೊಂದದ ಸೆಟ್ ಬಂದರೆ ದುಡ್ಡು ದಂಡ.

ಕೆಲಸಕ್ಕೆ ಕೈ ಹಾಕುವಾಗ ನಾನು ಒತ್ತಿ ಹೇಳಬೇಕಾದ ಮಾತು ಇದು: ಮುಂದಿನ ಎರಡೂ ಚಕ್ರಗಳು ಒಂದೇ ಎತ್ತರದಲ್ಲಿರಬೇಕು, ಎರಡೂ ನೆಲದ ಮೇಲೆ ಅಥವಾ ಎರಡೂ ಸಮನಾಗಿ ತೂಗುತ್ತಾ. ಒಂದೇ ಕಡೆ ಜಾಕ್ ಏರಿಸಿದರೆ ಬಾರ್ ತಿರುಚಿಕೊಂಡು ನಿಂತಿರುತ್ತದೆ, ಕ್ಲ್ಯಾಂಪಿನ ಕೊನೆಯ ಬೋಲ್ಟ್ ಹೊರಬರುವ ಗಳಿಗೆಯಲ್ಲಿ ಅದು ಚಿಮ್ಮಿ ಕೈಬೆರಳಿಗೆ ಬಡಿಯುತ್ತದೆ. ಗ್ಯಾರೇಜಿನ ಪಿಟ್ ಇದ್ದರೆ ಚಕ್ರಗಳನ್ನು ನೆಲದ ಮೇಲೇ ಬಿಟ್ಟು ಕೆಲಸ ಮಾಡುವುದು ಅತ್ಯುತ್ತಮ. ಹಿಂದಿನ ದಿನವೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಆದರೆ ಅದು ಪಕ್ಕದ ರಬ್ಬರುಗಳ ಮೇಲೆ ಹರಿಯದಿರಲಿ. ಫ್ರೇಮಿನ ಕಡೆಯ ದಾರ ಹಾಳಾದರೆ ಅರ್ಧ ಗಂಟೆಯ ಕೆಲಸ ಇಡೀ ದಿನಕ್ಕೆ ಎಳೆಯುತ್ತದೆ.

ಹಳೆಯ ಬುಷ್ ತೆಗೆಯುವ ಮೊದಲು ಅದರ ಸೀಳು ಯಾವ ಕಡೆ ಮುಖ ಮಾಡಿದೆ ಎಂದು ಗುರುತು ಹಾಕಿಕೊಂಡು, ಸೆಟ್ಟಿನ ಸೂಚನೆ ಬೇರೆ ಹೇಳದಿದ್ದರೆ ಹೊಸದನ್ನೂ ಹಾಗೆಯೇ ಇಡಿ. ಹೊಸ ಬುಷ್‌ನ ಒಳಮೈಗೆ ಕೈಯಿಂದಲೇ ಧಾರಾಳವಾಗಿ ಗ್ರೀಸ್ ಸವರಿ ಬಾರ್ ಮೇಲೆ ತೊಡಿಸಿ, ಬುಷ್‌ನ ತೂತು ನಿಪ್ಪಲ್‌ನ ನೇರಕ್ಕೆ ಬಂದಿದೆಯೇ ಎಂದು ನೋಡಿ, ಆಮೇಲೆ ಎರಡೂ ಕ್ಲ್ಯಾಂಪನ್ನು ಕೈಬಿಗಿಯಷ್ಟೇ ಕೂರಿಸಿ, ಬಾರನ್ನು ನಡುಮಧ್ಯಕ್ಕೆ ತಂದು, ನಂತರ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುವ ಟಾರ್ಕ್‌ಗೆ ಬಿಗಿಯಿರಿ. ಲಿಂಕ್ ರಾಡ್ ಜೋಡಿಸುವ ಮೊದಲು ಬಾರ್‌ನ ತುದಿ ಹಿಡಿದು ಮೇಲೆ ಕೆಳಗೆ ಆಡಿಸಿ ನೋಡಲೇಬೇಕು. ಸ್ವಲ್ಪ ತಡೆಯೊಂದಿಗೆ ನುಣ್ಣಗೆ ಆಡಬೇಕು. ಎರಡೂ ಕೈ ಹಾಕಿ ಎತ್ತಬೇಕಾದಷ್ಟು ಬಿಗಿಯಾಗಿದ್ದರೆ ಬುಷ್ ಬಾರನ್ನು ಹಿಸುಕುತ್ತಿದೆ ಎಂದು ತಿಳಿಯಿರಿ. ಆಗ ಕ್ಲ್ಯಾಂಪಿನ ಎರಡೂ ಪಾದಗಳ ಕೆಳಗೆ ತೆಳು ವಾಷರ್ ಕೊಡಬಹುದು, ಇಲ್ಲವೇ ಬುಷ್‌ನ ಚಪ್ಪಟೆ ಮುಖವನ್ನು ಸ್ವಲ್ಪ ಉಜ್ಜಿ ತೆಗೆಯಬಹುದು. ಹಿಸುಕಿದ ಬುಷ್ ಒಂದೇ ಚಕ್ರ ಗುಂಡಿಗಿಳಿದಾಗ ಬೇಡದ ಬಿಗಿತವನ್ನು ಸೇರಿಸಿ ಗಾಡಿಯನ್ನು ಕುಕ್ಕಿಸುತ್ತದೆ, ಗ್ರೀಸನ್ನೂ ಒಳಗೆ ನಿಲ್ಲಗೊಡುವುದಿಲ್ಲ.

ವಾಲುವ ವಿಷಯದಲ್ಲಿ ಹೆಚ್ಚಿನ ನಿರೀಕ್ಷೆ ಬೇಡ. ಬಾರ್‌ನ ಬಿಗಿತ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ: 24 ಮಿ.ಮೀ. ಬಾರ್ ಬದಲು 26 ಮಿ.ಮೀ. ಬಾರ್ ಹಾಕಿದರೆ ಅದು ಸುಮಾರು ಶೇ. 38ರಷ್ಟು ಹೆಚ್ಚು ಬಿಗಿ. ಬುಷ್ ಬದಲಾವಣೆಯಿಂದ ಅಂಥದ್ದೇನೂ ಆಗದು. ಮೊದಲು ರಬ್ಬರ್ ಅದುಮಿಕೊಂಡು ಆಮೇಲೆ ಬಾರ್ ಕೆಲಸ ಶುರುಮಾಡುವ ತಡ ಮಾತ್ರ ಕಡಿಮೆಯಾಗುತ್ತದೆ. ತಿರುವಿಗೆ ಸ್ಟಿಯರಿಂಗ್ ಎಳೆದ ಕೂಡಲೇ ಅದು ಕೈಗೆ ಗೊತ್ತಾಗುತ್ತದೆ.

ಉತ್ತರ 2 (ಬೆಂಗಳೂರಿನಿಂದ)

ಮೇಲಿನವರು ಹೇಳಿದ ಕ್ರಮವೆಲ್ಲ ಸರಿಯಾಗಿದೆ. ಆದರೆ ಪ್ರಶ್ನೆಯಲ್ಲೇ ಇರುವ ಒಂದು ಸುಳಿವಿನ ಕಡೆ ಗಮನ ಸೆಳೆಯಲು ಬಯಸುತ್ತೇನೆ. ಒಳ್ಳೆಯ ರಬ್ಬರ್ ವಯಸ್ಸಾದಾಗ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ, ಸವೆದು ಸಡಿಲವಾಗುತ್ತದೆ. ಕೆಲವೇ ತಿಂಗಳಲ್ಲಿ ಉಬ್ಬಿ ಅಂಟಂಟಾಗುವುದು ವಯಸ್ಸಿನ ಲಕ್ಷಣವಲ್ಲ, ಎಣ್ಣೆ ತಾಗಿದ ಲಕ್ಷಣ. ನಮ್ಮ ಕಡೆ ವಾಟರ್ ಸರ್ವೀಸ್ ಮಾಡಿಸಿದ ಮೇಲೆ ಗಾಡಿಯ ಅಡಿಭಾಗ ಕಪ್ಪಗೆ ಹೊಳೆಯಲಿ, ತುಕ್ಕು ಹಿಡಿಯದಿರಲಿ ಎಂದು ಡೀಸೆಲ್ಲನ್ನೋ, ಎಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲ್ ಬೆರೆಸಿದ ಡೀಸೆಲ್ಲನ್ನೋ ಸಿಂಪಡಿಸುವ ಪದ್ಧತಿ ಇದೆ. ಅದು ಫ್ರೇಮಿಗೆ ಒಳ್ಳೆಯದಿರಬಹುದು, ಆದರೆ ಸಸ್ಪೆನ್ಷನ್ನಿನಲ್ಲಿರುವ ಪ್ರತಿಯೊಂದು ರಬ್ಬರಿಗೂ ಅದು ಶತ್ರು. ತಮ್ಮ ಗಾಡಿಗೂ ಹಾಗೆ ಮಾಡಿಸುತ್ತಿದ್ದರೆ, ಸ್ಟೆಬಿಲೈಸರ್ ಬುಷ್ ಒಂದನ್ನೇ ಪಾಲಿಯುರಿಥೇನ್‌ಗೆ ಬದಲಾಯಿಸಿ ಸದ್ದು ಅಡಗಿಸಬಹುದು. ಲೋವರ್ ಆರ್ಮ್ ಬುಷ್‌ಗಳು ಮಾತ್ರ ಅದೇ ಡೀಸೆಲ್ಲಿನಲ್ಲಿ ನೆನೆಯುತ್ತಲೇ ಇರುತ್ತವೆ, ಅವುಗಳನ್ನು ಬದಲಾಯಿಸುವ ಖರ್ಚು ಇದಕ್ಕಿಂತ ಎಷ್ಟೋ ದೊಡ್ಡದು.

ನನ್ನ ಅಭಿಪ್ರಾಯದಲ್ಲಿ ಮನೆಮಂದಿ ಓಡಾಡುವ ಇನೋವಾಗೆ ಕಂಪನಿಯ ರಬ್ಬರ್ ಬುಷ್ಷೇ ತಕ್ಕದ್ದು. ಬೆಲೆ ಕಡಿಮೆ, ಸದ್ದು ಒಳಗೆ ಬರಗೊಡುವುದಿಲ್ಲ, ಯಾವ ಊರಲ್ಲಾದರೂ ಸಿಗುತ್ತದೆ, ನಿರ್ವಹಣೆ ಬೇಡ. ಇನೋವಾ 2005ರಿಂದ ಬಿಡದಿಯಲ್ಲೇ ತಯಾರಾದ ಗಾಡಿ. ಅದರ ಬಿಡಿಭಾಗಕ್ಕೆ ಹೊರದೇಶದ ಸೆಟ್ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ. ಗ್ರೀಸ್ ತುಂಬುವ ಬುಷ್ ಎಂದರೆ ಗ್ರೀಸ್ ತುಂಬುತ್ತಲೇ ಇರಬೇಕಾದ ಬುಷ್ ಎಂಬುದನ್ನು ಒಪ್ಪಿಕೊಂಡು ಹಾಕಿಸುವವರಿಗೆ ನನ್ನ ಆಕ್ಷೇಪವಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಡೀಸೆಲ್ ಸಿಂಪಡಿಸುವ ವಿಷಯ ನಿಜ, ಪ್ರತಿ ವಾಟರ್ ಸರ್ವೀಸಿಗೂ ಹೊಡೆಯುತ್ತಾರೆ. ಇನ್ನು ಮುಂದೆ ಬೇಡವೆಂದು ಹೇಳುತ್ತೇನೆ. ಸೋಪಿನ ನೀರು ಹಾಕಿ ನೋಡಿದೆ, ಸದ್ದು ನಿಂತಿತು, ಒಣಗಿದ ಮೇಲೆ ಮರಳಿ ಬಂತು. ಆದರೂ ನಮ್ಮ ದಾರಿಯ ಕೆಸರು ಮತ್ತು ನೀರಿನ ಕಾರಣ ಪಾಲಿಯುರಿಥೇನ್ ಕಡೆಗೇ ಮನಸ್ಸು ಹೋಗುತ್ತಿದೆ. ಹೊಸ ಗ್ರೀಸ್ ಒತ್ತಿ ಒಳಗಿನ ಕೆಸರನ್ನು ಹೊರದೂಡಬಹುದು ಎಂಬುದೇ ನನಗೆ ಮುಖ್ಯವಾಗಿ ಹಿಡಿಸಿದ ಗುಣ. ಗ್ರೀಸ್ ಯಾವುದು, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ತಿಳಿಸಿ. ಇನ್ನೊಂದು ಅನುಮಾನ: ಒಳಗೆ ಇಷ್ಟು ನುಣುಪಾದರೆ ಬಾರ್ ಪಕ್ಕಕ್ಕೆ ಸರಿಯುವುದಿಲ್ಲವೇ?

ಉತ್ತರ 3 (ಶಿವಮೊಗ್ಗದಿಂದ)

ತಾವು ಹೇಳುವ ಪರಿಸ್ಥಿತಿಯಲ್ಲಿ ಗ್ರೀಸ್ ತುಂಬುವ ಬುಷ್‌ಗೆ ಅರ್ಥವಿದೆ ಎಂದೇ ನಾನೂ ಭಾವಿಸುತ್ತೇನೆ. ಮಲೆನಾಡಿನ ಕೆಸರು ಅಂಚಿನಿಂದ ಒಳಸೇರಿ ಬುಷ್ಷನ್ನೂ ಬಾರನ್ನೂ ಒಟ್ಟಿಗೆ ಸವೆಸುತ್ತದೆ, ಅದನ್ನು ಬಿಚ್ಚದೆಯೇ ಹೊರಹಾಕಲು ಇರುವ ಉಪಾಯ ನಿಪ್ಪಲ್ ಒಂದೇ.

ಬಾರ್ ಪಕ್ಕಕ್ಕೆ ಸರಿಯುವ ಅನುಮಾನ ಸಕಾರಣವಾದದ್ದು. ರಬ್ಬರಿನ ಹಿಡಿತ ಇಲ್ಲವಾದ ಮೇಲೆ ಬಾರನ್ನು ನಡುವೆ ನಿಲ್ಲಿಸಲು ಬೇರೆ ಏನಾದರೂ ಬೇಕು. ಬಾರ್ ಮೇಲೆ ಬುಷ್‌ನ ಪಕ್ಕದಲ್ಲೇ ಒತ್ತಿ ಕೂರಿಸಿದ ಉಂಗುರವೋ ಉಬ್ಬೋ ಇದೆಯೇ ನೋಡಿ. ಇದ್ದರೆ ಬುಷ್ ಅದಕ್ಕೆ ಮೆಲ್ಲಗೆ ತಾಗುವಂತಿರಬೇಕು. ಇಲ್ಲದಿದ್ದರೆ ಎರಡು ಹೋಳಾಗಿ ಬಿಚ್ಚುವ, ಸ್ಕ್ರೂ ಬಿಗಿಯುವ ಕಾಲರ್ ಎರಡನ್ನು ಲೇತ್ ಶಾಪಿನಲ್ಲಿ ಬಾರ್ ಅಳತೆಗೆ ಮಾಡಿಸಿ, ಎರಡೂ ಬುಷ್‌ಗಳ ಒಳಮಗ್ಗುಲಿಗೆ ಹಾಕಿ. ಬಾರಿಗೆ ವೆಲ್ಡಿಂಗ್ ಮಾಡಿಸಲೇಬಾರದು. ಅದು ಸ್ಪ್ರಿಂಗ್ ಉಕ್ಕು, ಬೆಂಕಿ ತಾಗಿದ ಜಾಗದಲ್ಲೇ ಮುಂದೆ ಬಿರುಕು ಬಿಡುತ್ತದೆ.

ಗ್ರೀಸ್ ಬಗ್ಗೆ: ಸೆಟ್ಟಿನ ಜೊತೆ ಬರುವ ಪೊಟ್ಟಣ ಮೊದಲ ಬಾರಿಗೆ ಸಾಕು. ಆಮೇಲೆ ನೀರಿಗೆ ತೊಳೆದುಹೋಗದ, ದಪ್ಪನೆಯ ಸಿಲಿಕೋನ್ ಗ್ರೀಸ್ ತೆಗೆದುಕೊಳ್ಳಿ, ಟೆಫ್ಲಾನ್ ಬೆರೆತಿದ್ದರೆ ಇನ್ನೂ ಒಳ್ಳೆಯದು. ಸ್ಪ್ರೇ ಡಬ್ಬಿಯ ತೆಳು ಸಿಲಿಕೋನ್ ಇಲ್ಲಿ ನಿಲ್ಲುವುದಿಲ್ಲ. ಈ ಗ್ರೀಸಿಗಾಗಿ ಒಂದು ಸಣ್ಣ ಗನ್ನನ್ನೇ ಪ್ರತ್ಯೇಕವಾಗಿ ಇಟ್ಟುಕೊಳ್ಳಿ. ಗ್ಯಾರೇಜಿನ ಗನ್ನಿನಲ್ಲಿ ಪ್ರೊಪೆಲ್ಲರ್ ಶಾಫ್ಟಿಗೆ ಹೊಡೆಯುವ ಗ್ರೀಸ್ ಇರುತ್ತದೆ, ಎರಡು ಬೆರೆತರೆ ಎರಡರ ಗುಣವೂ ಕೆಡಬಹುದು. ಸಿಲಿಕೋನ್ ಅಂಟಿದ ಕೈಯಿಂದ ಬ್ರೇಕ್ ಡಿಸ್ಕ್ ಮುಟ್ಟಬೇಡಿ, ಪೇಂಟ್ ಮಾಡಿಸಬೇಕಾದ ಬಾಡಿಯನ್ನೂ ಮುಟ್ಟಬೇಡಿ. ಅದರ ಲೇಪ ಇದ್ದ ಕಡೆ ಬಣ್ಣ ಗುಳಿಗುಳಿಯಾಗಿ ನಿಲ್ಲುತ್ತದೆ.

ಅವಧಿಯನ್ನು ದಿನದ ಲೆಕ್ಕದಲ್ಲಿ ಹೇಳುವುದಕ್ಕಿಂತ, ಪ್ರತಿ ಆಯಿಲ್ ಬದಲಾವಣೆಯ ಜೊತೆಗೆ ಒಮ್ಮೆ, ಮಳೆಗಾಲ ಮುಗಿದ ಕೂಡಲೇ ಒಮ್ಮೆ, ಹಳ್ಳದ ನೀರಿನಲ್ಲಿ ಹಾದುಹೋಗಬೇಕಾಗಿ ಬಂದರೆ ಆಮೇಲೊಮ್ಮೆ ಎಂದು ಇಟ್ಟುಕೊಳ್ಳಿ. ನಿಪ್ಪಲ್‌ನ ತಲೆಯನ್ನು ಬಟ್ಟೆಯಿಂದ ಒರೆಸಿಯೇ ಗನ್ ಹಚ್ಚಬೇಕು, ಇಲ್ಲದಿದ್ದರೆ ಅಲ್ಲಿನ ಮರಳನ್ನು ನಾವೇ ಒಳಗೆ ತಳ್ಳಿದಂತೆ. ನಿಧಾನವಾಗಿ ಒತ್ತುತ್ತಾ, ಬುಷ್‌ನ ಅಂಚಿನಲ್ಲಿ ಮೊದಲು ಕೊಳೆ ಗ್ರೀಸ್, ಅದರ ಹಿಂದೆಯೇ ಹೊಸ ಗ್ರೀಸ್ ಇಣುಕಿದ ಕೂಡಲೇ ನಿಲ್ಲಿಸಿ. ಇನ್ನೂ ಒತ್ತಿದರೆ ಬುಷ್‌ನ ಸೀಳು ಬಾಯಿ ಬಿಡುತ್ತದೆ. ನಿಪ್ಪಲ್ ಕೂರುವ ಕ್ಲ್ಯಾಂಪ್ ತೆಳು ತಗಡಿನದು, ಅದರಲ್ಲಿ ಸಿಗುವುದು ಕೆಲವೇ ಸುತ್ತಿನ ದಾರ, ಆದ್ದರಿಂದ ಸಣ್ಣ ಸ್ಪ್ಯಾನರ್‌ನಿಂದ ಹಗುರವಾಗಿ ಬಿಗಿಯಿರಿ. ನೇರ ನಿಪ್ಪಲ್‌ಗೆ ಗನ್ನಿನ ಮೂತಿ ತಲುಪದಿದ್ದರೆ 90 ಡಿಗ್ರಿ ಬಾಗಿದ ನಿಪ್ಪಲ್ ಸಿಗುತ್ತದೆ, ಆದರೆ ಎಂಜಿನ್ ಅಡಿಯ ಕವರ್ ಮರಳಿ ಹಾಕಿದ ಮೇಲೂ ಗನ್ ಹೋಗುತ್ತದೆಯೇ ಎಂದು ಕ್ಲ್ಯಾಂಪ್ ಬಿಗಿಯುವ ಮೊದಲೇ ಹಿಡಿದು ನೋಡಿ.