ವೆಬ್‌ಸೈಟ್ ವಿನ್ಯಾಸ: ಡಿಸೈನರ್ ಜತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ವೆಬ್‌ಸೈಟ್ ವಿನ್ಯಾಸದ ಬಗ್ಗೆ ಮಾತ್ರ ಕೇಳಿ. ಉತ್ತರಿಸುವವರು ವೃತ್ತಿಯಲ್ಲಿ ವೆಬ್ ಡಿಸೈನರ್.

ಹೊಸ ಅಂಗಡಿ: ಮೇಡಂ, ಅಂಗಡಿಗೆ ಸೈಟ್ ಮಾಡಿಸ್ಬೇಕು. ಯಾವ ಬಣ್ಣ ಚೆನ್ನಾಗಿರುತ್ತೆ?

ಡಿಸೈನರ್: ಬಣ್ಣ ಕೊನೆಗೆ. ಸೈಟಿಗೆ ಬಂದವರು ಏನು ಮಾಡಿ ಹೋಗಬೇಕು ಅನ್ನೋದನ್ನ ಒಂದು ವಾಕ್ಯದಲ್ಲಿ ಬರೀರಿ. ಆಮೇಲೆ ಪುಟಗಳ ಪಟ್ಟಿ, ಪ್ರತಿ ಪುಟದ ನಿಜವಾದ ಬರಹ. ಅದು ಕೈಯಲ್ಲಿದ್ರೆ ಪೆನ್ಸಿಲ್‌ನಲ್ಲೇ ವೈರ್‌ಫ್ರೇಮ್, ಅಂದ್ರೆ ಪುಟದಲ್ಲಿ ಏನು ಎಲ್ಲಿರಬೇಕು ಅನ್ನೋ ಕಚ್ಚಾ ನಕ್ಷೆ, ಹಾಕಬಹುದು.

ಸಂಘದ ಕಾರ್ಯದರ್ಶಿ: ನಮ್ಮ ಸಂಘದ ಸೈಟಿಗೆ ಕೆಂಪು ಒಪ್ಪುತ್ತಾ?

ಡಿಸೈನರ್: ಮೇಲೆ ಬರೆದಿದ್ದೀನಿ.

ಕ್ಲಿನಿಕ್ ರಿಸೆಪ್ಷನ್: ಹೊಸ ಸೈಟ್ ನೋಡೋಕೆ ಚೆನ್ನಾಗಿದೆ. ಆದ್ರೆ ವಯಸ್ಸಾದವರು ಅಪಾಯಿಂಟ್‌ಮೆಂಟ್ ಫಾರಂ ಅರ್ಧಕ್ಕೇ ಬಿಡ್ತಿದ್ದಾರೆ. ಕಣ್ಣು ಕಾಣದ ಒಬ್ಬರು ‘ಬಟನ್, ಬಟನ್ ಅಂತ ಮಾತ್ರ ಕೇಳಿಸುತ್ತೆ’ ಅಂದ್ರು. ಬಿಳಿ ಮೇಲೆ ತಿಳಿ ಬೂದು ಅಕ್ಷರ. ತುರ್ತು ಫೋನ್ ನಂಬರ್ ಬ್ಯಾನರ್ ಚಿತ್ರದೊಳಗಿದೆ.

ಡಿಸೈನರ್: ಇದು ಆತಂಕದ ವಿಷಯ, ಬಿಡಿಸಿ ಬರೀತೀನಿ. ಮೊದಲು ಆ ನಂಬರ್. ಚಿತ್ರಕ್ಕೆ ಆಲ್ಟ್ ಬರಹ (ಅದರಲ್ಲೇನಿದೆ ಅಂತ ಕೋಡ್‌ನಲ್ಲಿ ಬರೆಯೋ ಮಾತು) ಇಲ್ಲದಿದ್ರೆ, ಕಣ್ಣು ಕಾಣದವರಿಗೆ ಪುಟ ಓದಿ ಹೇಳೋ ಸ್ಕ್ರೀನ್ ರೀಡರ್‌ಗೆ ಅದು ಸಿಗಲ್ಲ, ನೆಟ್ ನಿಧಾನವಿದ್ರೆ ಯಾರಿಗೂ ಕಾಣಲ್ಲ. ಇವತ್ತೇ ಅಕ್ಷರವಾಗಿ ಬರೆಸಿ, ಒತ್ತಿದ್ರೆ ಕರೆ ಹೋಗೋ ಹಾಗೆ ಲಿಂಕ್ ಕೊಡಿಸಿ. ‘ಬಟನ್, ಬಟನ್’ ಅನ್ನೋದು ಬಹುಶಃ ಬರೀ ಐಕಾನ್ ಇಟ್ಟು ಕೋಡ್‌ನಲ್ಲಿ ಹೆಸರು ಕೊಡದೇ ಇರೋದ್ರಿಂದ. ಇನ್ನು ಫಾರಂ. ‘ಹುಟ್ಟಿದ ದಿನಾಂಕ’ ಅಂತ ತುಂಬೋ ಜಾಗದೊಳಗೇ ತಿಳಿಯಾಗಿ ಬರೆದಿದ್ರೆ, ಟೈಪ್ ಮಾಡಿದ ಕೂಡಲೇ ಅದು ಮಾಯ. ಏನು ಕೇಳಿದ್ರು ಅಂತ ಮರೆತವರು ಅಳಿಸಿ ನೋಡಬೇಕು. ಲೇಬಲ್ ಹೊರಗೆ, ಯಾವಾಗಲೂ ಕಾಣ್ತಿರಬೇಕು. ತಪ್ಪಾದಾಗ ಕೆಂಪು ಗೆರೆ ಸಾಲದು, ಏನು ತಪ್ಪು ಅಂತ ಮಾತಲ್ಲಿ ಹೇಳಬೇಕು. ಬೂದು ಅಕ್ಷರಕ್ಕೆ ಡಬ್ಲ್ಯುಸಿಎಜಿ (ಸೈಟ್ ಎಲ್ಲರೂ ಬಳಸೋ ಹಾಗಿರಬೇಕು ಅನ್ನೋ ಅಂತರರಾಷ್ಟ್ರೀಯ ಮಾರ್ಗಸೂಚಿ) ಎಎ ಮಟ್ಟ ಕೇಳೋದು ಹಿನ್ನೆಲೆ ಜತೆ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದ್ರೆ ತಿಳಿ-ಗಾಢದ ಅಂತರ, ದೊಡ್ಡ ಅಕ್ಷರಕ್ಕೆ 3:1. ಮೌಸ್ ಮುಟ್ಟದೆ ಟ್ಯಾಬ್ ಕೀಲಿಯಲ್ಲೇ ಫಾರಂ ಮುಗಿಯುತ್ತಾ ನೀವೇ ನೋಡಿ. ಆಮೇಲೆ ಅರ್ಧಕ್ಕೆ ಬಿಟ್ಟ ನಾಲ್ಕೈದು ಜನರ ಪಕ್ಕ ಕೂತ್ಕೊಂಡು ತುಂಬೋಕೆ ಹೇಳಿ. ಸಹಾಯ ಮಾಡಬೇಡಿ. ಎಲ್ಲಿ ತಡವರಿಸ್ತಾರೋ ಬರೆದಿಟ್ಟುಕೊಳ್ಳಿ.

ಕೋಡ್‌ಮಿತ್ರ: ಫಾರ್ವರ್ಡ್ ಬಂದಿದೆ: ಒಂದೇ ಸಾಲಿನ ಕೋಡ್ ಹಾಕಿ, ಸೈಟ್ ಎಲ್ಲರಿಗೂ ಬಳಸೋಕೆ ರೆಡಿ!

ಡಿಸೈನರ್: ದಯವಿಟ್ಟು ಹಾಕಬೇಡಿ. ಹೆಸರಿಲ್ಲದ ಬಟನ್ ಏನು ಮಾಡುತ್ತೆ ಅಂತ ಆ ಕೋಡ್ ಸೈಟಿಗೆ ಸೇರಿಸೋ ವಿಜೆಟ್ ಊಹಿಸಬೇಕಷ್ಟೆ, ತಪ್ಪಾಗಿಯೂ ಊಹಿಸುತ್ತೆ. ಜನ ಬಳಸೋ ಸ್ಕ್ರೀನ್ ರೀಡರ್‌ಗೇ ಅಡ್ಡ ಬರೋದೂ ಉಂಟು. ಮೂಲ ಎಚ್‌ಟಿಎಂಎಲ್, ಅಂದ್ರೆ ಪುಟದ ಕೋಡನ್ನೇ ಸರಿಮಾಡಿಸಿ.

ಕೋಡ್‌ಮಿತ್ರ: ಎಷ್ಟೊಂದು ಸೈಟ್‌ನಲ್ಲಿದೆ ಮೇಡಂ.

ಡಿಸೈನರ್: ಇರಲಿ. ಬೇಡ.

ಅನುವಾದಕಿ: ಹೊಸ ಸೈಟಿನಲ್ಲಿ ಪುಟಗಳ ವಿಳಾಸ ಬದಲಾಗುತ್ತೆ. ಹಳೇ ಲಿಂಕ್‌ಗಳನ್ನ ಏನು ಮಾಡೋದು?

ಹಳೇ ಸದಸ್ಯ: ಯಾವುದೇ ಪುಟ ಮೂರು ಕ್ಲಿಕ್ಕಲ್ಲಿ ಸಿಕ್ಕಿದ್ರೆ ಸಾಕು. ಅದೇ ಮುಖ್ಯ ನಿಯಮ.

ಟೆಸ್ಟಿಂಗ್ ಕೆಲಸದವಳು: ಅದು ನಿಯಮವೇ ಅಲ್ಲ. ಲಿಂಕ್ ಎಲ್ಲಿಗೆ ಹೋಗುತ್ತೆ ಅಂತ ಸ್ಪಷ್ಟವಿದ್ರೆ ಜನ ಐದು ಸಲ ಬೇಕಾದ್ರೂ ಒತ್ತುತ್ತಾರೆ.

ಹಳೇ ಸದಸ್ಯ: ನೀವು ಎಷ್ಟು ಸೈಟ್ ಮಾಡಿದ್ದೀರಿ?

ಟೆಸ್ಟಿಂಗ್ ಕೆಲಸದವಳು: ನನ್ನ ವಿಷಯ ಬಿಡಿ. ಮೂರಕ್ಕೆ ಇಳಿಸೋಕೆ ಹೋಗಿ ಒಂದೇ ಮೆನುವಿಗೆ ನಲವತ್ತು ಹೆಸರು ತುರುಕ್ತಾರೆ. ಅದನ್ನ ಯಾರು ಓದ್ತಾರೆ ರೀ?

ಹಳೇ ಸದಸ್ಯ: ಹಿರಿಯರ ಹತ್ತಿರ ಮಾತಾಡೋ ರೀತಿಯಾ ಇದು?

ಅನುವಾದಕಿ: ನನ್ನ ಪ್ರಶ್ನೆ ಮೇಲೆ ಹೋಯ್ತು. ಹಳೇ ಲಿಂಕ್?

ಹೊಸ ಅಂಗಡಿ: ಗೂಗಲ್‌ನಲ್ಲಿ ಮೊದಲು ಬರೋಕೆ ಕೀವರ್ಡ್ಸ್ ಮೆಟಾ ಟ್ಯಾಗ್ ತುಂಬಿ, ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಚ್ಚಿಡಿ ಅಂತ ಮೆಸೇಜ್ ಬಂದಿದೆ. ಮಾಡ್ಲಾ?

ಡಿಸೈನರ್: ಪುಟದ ಕೋಡ್‌ನಲ್ಲಿ ಹುಡುಕೋ ಪದಗಳನ್ನ ಪಟ್ಟಿ ಮಾಡೋ ಆ ಟ್ಯಾಗನ್ನ ರ‍್ಯಾಂಕಿಂಗಿಗೆ ಬಳಸಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಬಚ್ಚಿಟ್ಟ ಅಕ್ಷರ ಅವರಿಗೆ ಸ್ಪ್ಯಾಮ್. ಸೈಟ್ ಹುಡುಕಾಟದಿಂದಲೇ ಮಾಯವಾಗಬಹುದು. ಫಾರ್ವರ್ಡ್ ನಂಬಿ ಸೈಟ್ ಕೆಡಿಸ್ಕೋಬೇಡಿ, ಇಲ್ಲಿ ತಂದು ಹಾಕಲೂಬೇಡಿ.

ಸಂಘದ ಕಾರ್ಯದರ್ಶಿ: ಹಾಗಾದ್ರೆ ನೀಲಿ?

ಅಡ್ಮಿನ್: ಬಣ್ಣದ ಪ್ರಶ್ನೆ ಇನ್ನು ಡಿಲೀಟ್ ಮಾಡ್ತೀನಿ. ಮೂರು ಕ್ಲಿಕ್ಕಿನ ಜಗಳವೂ ಸಾಕು.

ಕ್ಲಿನಿಕ್ ರಿಸೆಪ್ಷನ್: ಮೇಡಂ, ನಂಬರ್ ಸರಿಯಾಯ್ತು. ಲೇಬಲ್ ಹೊರಗೆ ಹಾಕಿದ್ರೆ ಅಂದ ಕೆಡುತ್ತೆ ಅಂತಾರೆ ಸೈಟ್ ಮಾಡಿದವರು.

ಡಿಸೈನರ್: ಕಾಯಿಲೆಯವರು ತುಂಬೋಕಾಗದ ಫಾರಂಗೆ ಅಂದ ಯಾಕೆ? ಒಪ್ಪದಿದ್ರೆ ಬೇರೆಯವರ ಹತ್ತಿರ ಮಾಡಿಸಿ. ಅಲ್ಲೀವರೆಗೆ ಫಾರಂ ಮೇಲೆ ‘ಫೋನ್‌ನಲ್ಲೂ ಬುಕ್ ಮಾಡಬಹುದು’ ಅಂತ ಬರೆದು, ಆ ನಂಬರ್ ಎತ್ತೋಕೆ ಒಬ್ಬರನ್ನ ಕೂರಿಸಿ.