ದಾನ, ಧರ್ಮ, ಪಾಲು: ಆಗಮನ ಕಾಲದ ಅಕ್ಕಿಗೆ ಯಾವ ಪದ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಕೇಳಬೇಕಾಗಿದೆ. ನಾನು ಮಂಜೇಶ್ವರ ಕಡೆಯ ಒಂದು ಇಗರ್ಜಿಯಲ್ಲಿ ಮಕ್ಕಳಿಗೆ ಕ್ರಿಸ್ತೀಯ ಶಿಕ್ಷಣ ಹೇಳಿಕೊಡುವವಳು. ಇಗರ್ಜಿಯ ಕನ್ನಡ ಪ್ರಕಟಣೆ ಬರೆಯುವ ಕೆಲಸವೂ ನನ್ನ ಪಾಲಿಗೇ ಬಂದಿದೆ. ಆಗಮನ ಕಾಲದ ಭಾನುವಾರಗಳಲ್ಲಿ ಮನೆಮನೆಯವರು ಅಕ್ಕಿ, ಬಟ್ಟೆ, ಹಣ ತಂದು ವಾರ್ಡಿನ ಬಡ ಕುಟುಂಬಗಳಿಗೆಂದು ಒಪ್ಪಿಸುವ ಕ್ರಮ ನಮ್ಮಲ್ಲಿದೆ. ಹೀಗೆ ಒಪ್ಪಿಸುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬುದೇ ಪ್ರಶ್ನೆ.

ಈ ಕಾಲದ ಪರಿಚಯ ಇಲ್ಲದವರಿಗೆ ಎರಡು ಮಾತು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡದ್ದು ಆಗಮನ ಕಾಲ. ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುವ ಭಾನುವಾರ ಅದರ ಮೊದಲ ದಿನ, ಇಗರ್ಜಿಯ ಪಂಚಾಂಗಕ್ಕೆ ಹೊಸ ವರ್ಷವೂ ಅಂದೇ. ಪಾದ್ರಿಯವರು ನೇರಳೆ ಬಣ್ಣದ ಉಡುಪು ತೊಡುತ್ತಾರೆ, ಪೂಜೆಯಲ್ಲಿ ‘ಮಹಿಮೆ’ಯ ಗೀತೆ ಇರುವುದಿಲ್ಲ, ವಾರಕ್ಕೊಂದರಂತೆ ನಾಲ್ಕು ಮೇಣದ ಬತ್ತಿ ಹೊತ್ತಿಸುತ್ತೇವೆ. ಮೂರನೆಯ ಭಾನುವಾರ ಮಾತ್ರ ಗುಲಾಬಿ ಬಣ್ಣ. ಮೂರು ವರ್ಷಕ್ಕೊಮ್ಮೆ ಆ ಭಾನುವಾರದಂದು ಲೂಕನ ಸುವಾರ್ತೆಯ ಮೂರನೆಯ ಅಧ್ಯಾಯವನ್ನು ಓದುತ್ತಾರೆ. ನಾವು ಏನು ಮಾಡಬೇಕು ಎಂದು ಜನ ಕೇಳಿದಾಗ, ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ, ಊಟ ಇದ್ದವನೂ ಹಾಗೆಯೇ ಮಾಡಲಿ ಎಂದು ಸ್ನಾನಿಕ ಯೊವಾನ್ನನು ಹೇಳುವ ಭಾಗ ಅದು. ನಮ್ಮ ಅಕ್ಕಿ-ಬಟ್ಟೆಯ ಕ್ರಮಕ್ಕೆ ಇದಕ್ಕಿಂತ ನೇರವಾದ ಆಧಾರ ಬೇಕಿಲ್ಲ.

ಇನ್ನು ನಮ್ಮ ಭಾಷೆಯ ಪರಿಸ್ಥಿತಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ಇಲ್ಲಿಯ ಕೊಂಕಣಿ ಕ್ರೈಸ್ತರ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತದಲ್ಲೇ, ಅಂದರೆ ಮಂಗಳೂರು ಬಿಷಪರ ಆಡಳಿತದಲ್ಲೇ, ಉಳಿದವು. ಪೂಜೆ ಹೆಚ್ಚಾಗಿ ಕೊಂಕಣಿಯಲ್ಲಿ, ಅದನ್ನು ಬರೆಯುವುದು ಕನ್ನಡ ಲಿಪಿಯಲ್ಲಿ, ಅಂಗಳಕ್ಕಿಳಿದರೆ ತುಳು, ಕಚೇರಿಗೆ ಹೋದರೆ ಮಲಯಾಳ. ರಾಜಪುರಂ, ವೆಳ್ಳರಿಕುಂಡ್ ಕಡೆಯ ಸಿರೋ ಮಲಬಾರ್ ಕ್ರೈಸ್ತರು (ಮಲಯಾಳ ಮಾತಾಡುವ, ಸಿರಿಯನ್ ಸಂಪ್ರದಾಯದ ಕಥೋಲಿಕರು) ಇದೇ ಕಾಲವನ್ನು ‘ಮಂಗಳವಾರ್ತಾ ಕಾಲ’ ಎನ್ನುತ್ತಾರೆ, ಇಪ್ಪತ್ತೈದು ದಿನದ ‘ನೋಂಬು’ ಎಂಬ ವ್ರತ ಹಿಡಿಯುತ್ತಾರೆ. (ಹಳಗನ್ನಡದ ಜೈನ ‘ನೋಂಪಿ’ ಇಲ್ಲಿ ಪಕ್ಕದ ಮನೆಯ ಆಡುಮಾತಿನಲ್ಲಿ ಜೀವಂತವಾಗಿದೆ. ಕೇಳಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.) ಅವರಲ್ಲಿ ‘ಪಿಡಿಯರಿ’ ಎಂಬ ಪದ್ಧತಿ ಇದೆ. ಅನ್ನಕ್ಕಿಡುವ ಪ್ರತಿ ಸಲವೂ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಪಾತ್ರೆಗೆ ಹಾಕಿಡುವುದು. ನಮ್ಮ ಹವ್ಯಕರ ಮನೆಗಳ ಮುಷ್ಟಿಭಿಕ್ಷೆಯ ಅಕ್ಕಿಯೂ ಇದೇ ಬಗೆಯದು. ಈ ಕ್ರಮಕ್ಕೆ ‘ಹಿಡಿಯಕ್ಕಿ’ ಎಂಬ ಪದ ಸಾಕು, ಅದರಲ್ಲಿ ನನಗೆ ಗೊಂದಲವಿಲ್ಲ. ಆದರೆ ಬಟ್ಟೆ, ಹಣ, ಔಷಧಿಯ ಖರ್ಚು ಎಲ್ಲ ಸೇರಿದ ಕೊಡುಗೆಗೆ ಆ ಪದ ಸಾಲದು.

ಬಳಕೆಯಲ್ಲಿರುವ ಪದಗಳನ್ನು ಒಂದೊಂದಾಗಿ ನೋಡಿದ್ದೇನೆ. ‘ಕಾಣಿಕೆ’ ಎಂದರೆ ಪೂಜೆಯಲ್ಲಿ ಪೀಠಕ್ಕೆ ಸಲ್ಲುವುದು, ಅದು ದೇವರಿಗೆ. ‘ಹರಕೆ’ಯೂ ಹಾಗೆಯೇ. ‘ವಂತಿಗೆ’ ಎಂದರೆ ವಾರ್ಡಿನ ಮುಖಂಡರಾದ ಗುರ್ಕಾರರು ಪಟ್ಟಿ ಹಿಡಿದು ಮನೆಗೆ ಬಂದು ಎತ್ತುವುದು, ತಲೆಗಿಷ್ಟು ಎಂಬ ಲೆಕ್ಕ ಅದರ ಜೊತೆಗೇ ಬರುತ್ತದೆ. ‘ದೇಣಿಗೆ’ಗೆ ನಮ್ಮ ಜಿಲ್ಲೆಯಲ್ಲಿ ಹೆಸರು ಅಂಟಿಕೊಂಡಿದೆ. ಸಭಾಭವನದ ಫ್ಯಾನಿನ ರೆಕ್ಕೆಯ ಮೇಲೆ, ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ, ಬೆಂಚಿನ ಬೆನ್ನಿಗೆ ಬಣ್ಣದಲ್ಲಿ ಬರೆದ ಹೆಸರು, ಕೆಳಗೆ ದುಬೈ ಅಥವಾ ಕುವೈತ್. ಅದು ತಪ್ಪೆಂದು ನಾನು ಹೇಳುತ್ತಿಲ್ಲ, ಆ ಫ್ಯಾನಿನ ಗಾಳಿಯಲ್ಲೇ ನಮ್ಮ ಮಕ್ಕಳು ಕೂತು ಕಲಿಯುತ್ತಾರೆ. ಆದರೆ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಕೊಡುಗೆಗೆ ಆ ಪದ ಒಗ್ಗುವುದಿಲ್ಲ. ವಿನ್ಸೆಂಟ್ ಪಾವ್ಲ್ ಸಭೆಯ ಕೂಟಗಳಲ್ಲಿ ಕೈಯಿಂದ ಕೈಗೆ ದಾಟುವ ಗುಟ್ಟಿನ ಚೀಲವನ್ನು ಕಂಡವರಿಗೆ ಇದು ಅರ್ಥವಾದೀತು. ಮುಷ್ಟಿ ಚೀಲದೊಳಗೆ ಹೋಗುತ್ತದೆ, ಖಾಲಿಯಾಗಿ ಹೊರಗೆ ಬರುತ್ತದೆ, ಎಷ್ಟು ಹಾಕಿದರೆಂದು ಪಕ್ಕದವರಿಗೂ ಗೊತ್ತಾಗುವುದಿಲ್ಲ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡೆರಿಕ್ ಓಝಾನಮ್ ಮತ್ತವರ ಗೆಳೆಯರು ಹುಟ್ಟುಹಾಕಿದ ಸಭೆ ಅದು. ಬಡವರ ಮನೆಗೆ ತಾವೇ ಹೋಗಿ ಕೂತು ಮಾತಾಡುವುದು ಅದರ ಮೊದಲಿನಿಂದಲೂ ಬಂದ ಕ್ರಮ.

ಉಳಿಯುವುದು ದಾನ ಮತ್ತು ಧರ್ಮ. ರಕ್ತದಾನ, ನೇತ್ರದಾನಗಳಿಂದಾಗಿ ‘ದಾನ’ಕ್ಕೆ ಇವತ್ತು ಒಳ್ಳೆಯ ಮರ್ಯಾದೆ ಇದೆ. ಆದರೆ ‘ದಾನದ ಅಕ್ಕಿ’ ಎಂದಾಗ ಕೇಳಿಸುವುದೇ ಬೇರೆ. ‘ಧರ್ಮ’ದ ಪರವಾಗಿ ಹೇಳಲು ತುಂಬ ಇದೆ. ಹೀಬ್ರೂವಿನ ‘ಸೆದಾಕಾ’ ಪದಕ್ಕೆ ನೀತಿ ಎಂಬ ಅರ್ಥವೂ ಬಡವರಿಗೆ ಕೊಡುವುದು ಎಂಬ ಅರ್ಥವೂ ಇವೆ. ನಮ್ಮ ‘ಧರ್ಮ’ವೂ ಹಾಗೆಯೇ ಎರಡನ್ನೂ ಒಟ್ಟಿಗೆ ಹೇಳುತ್ತದೆ, ಮಲಯಾಳದಲ್ಲೂ ಅದೇ ಬಳಕೆ ಇದೆ. ಬೈಬಲಿನ ಭಾವಕ್ಕೆ ಇಷ್ಟು ಹತ್ತಿರದ ಪದ ಇನ್ನೊಂದು ಸಿಗಲಿಕ್ಕಿಲ್ಲ. ಆದರೂ ನಮ್ಮ ಊರಿನಲ್ಲಿ ‘ಧರ್ಮಕ್ಕೆ ಸಿಕ್ಕಿತು’ ಎಂದರೆ ಪುಕ್ಕಟೆ ಸಿಕ್ಕಿತು ಎಂದೇ ಅರ್ಥ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಎಂಬ ಗಾದೆ ನಿಮಗೆಲ್ಲ ಗೊತ್ತಿದೆ. ಗಾದೆ ನಗುವುದು ಬಟ್ಟೆ ಪಡೆದವಳನ್ನು ನೋಡಿ. ಎಷ್ಟು ಉದ್ದವಿದೆ ಎಂದು ಅಳೆದು ನೋಡುವ ಅಧಿಕಾರವನ್ನೂ ಅವಳಿಗೆ ಬಿಡುವುದಿಲ್ಲ. ಮಗಳಿಗೆ ಲಂಗ ಹೊಲಿಸಲು ಸಾಕಾಗುತ್ತದೋ ಇಲ್ಲವೋ ಎಂದು ನೋಡುವುದರಲ್ಲಿ ಏನು ತಪ್ಪಿದೆ?

ಹಾಗಾಗಿ ನನ್ನ ಮನಸ್ಸು ‘ಪಾಲು’ ಪದದ ಕಡೆಗೆ ವಾಲಿದೆ. ಕ್ರಿಸ್ಮಸ್ಸಿನ ಹೊತ್ತಿಗೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಹಂಚುವಾಗ ಕೊಂಕಣಿಯಲ್ಲಿ ‘ಹೊ ತುಮ್ಚೊ ವಾಂಟೊ’ ಎನ್ನುತ್ತೇವೆ. ನೆವ್ರಿ, ಕಿಡಿಯೊ, ಚಕ್ಕುಲಿ ತುಂಬಿದ ತಟ್ಟೆಗೆ ಕಾಗದ ಮುಚ್ಚಿ ಪಕ್ಕದ ಬ್ಯಾರಿಯವರ ಮನೆಗೂ ಶೆಟ್ಟರ ಮನೆಗೂ ಕೊಟ್ಟು ಬರುವ ಹುಡುಗರು ತುಳುವಿನಲ್ಲಿ ‘ಉಂದು ನಿಕ್ಲೆನ ಪಾಲ್’ ಎನ್ನುತ್ತಾರೆ. ಇದು ನಿಮ್ಮ ಪಾಲು ಎಂದಷ್ಟೇ ಅರ್ಥ. ಕೊಟ್ಟವರು ಮೇಲೆ, ಪಡೆದವರು ಕೆಳಗೆ ಎಂಬ ಭಾವ ಅದರಲ್ಲಿ ಎಳ್ಳಷ್ಟೂ ಇಲ್ಲ. ಪಾಲನ್ನು ಕೇಳಿ ಪಡೆಯಬಹುದು, ಅಳೆಯಬಹುದು, ಕಡಿಮೆಯಾದರೆ ತಕರಾರು ತೆಗೆಯಬಹುದು. ತನ್ನ ಪಾಲಿನ ಜಾಗಕ್ಕೆ ಸರಪಳಿ ಹಿಡಿದು ಅಳತೆ ಮಾಡಿದವನನ್ನು ಯಾವ ಗಾದೆಯೂ ಆಡಿಕೊಂಡಿಲ್ಲ.

ಇಗರ್ಜಿಯ ಬೋಧನೆಯೂ ಇದನ್ನೇ ಹೇಳುತ್ತದೆ. ನಾಲ್ಕನೆಯ ಶತಮಾನದ ಮಿಲಾನಿನ ಬಿಷಪ್ ಸಂತ ಆಂಬ್ರೋಸರು, ಬಡವನಿಗೆ ನೀನು ಕೊಡುವುದು ನಿನ್ನದಲ್ಲ, ಅವನದನ್ನೇ ಅವನಿಗೆ ಹಿಂದಿರುಗಿಸುತ್ತಿದ್ದೀಯೆ ಎಂದಿದ್ದಾರೆ. ಆರನೆಯ ಪೌಲ ಪೋಪರು ಇಡೀ ಧರ್ಮಸಭೆಗೆ ಬರೆದ 1967ರ ತಮ್ಮ ವಿಶ್ವಪತ್ರದಲ್ಲಿ ಈ ಮಾತನ್ನು ಎತ್ತಿ ಹೇಳಿದ್ದಾರೆ. ಹಿಂದಿರುಗಿಸುವುದಾದರೆ ಅದು ದಾನವಾಗುವುದು ಹೇಗೆ? ಪಾಲು ಎನ್ನುವುದೇ ಸರಿ ಎಂದು ನನಗೆ ಅನಿಸುತ್ತದೆ.

ಆದರೆ ಒಂದು ತೊಡಕಿದೆ, ನಿಮ್ಮನ್ನು ಕೇಳುವ ಕಾರಣವೂ ಅದೇ. ಕನ್ನಡದಲ್ಲಿ ‘ಪಾಲು’ ಜೊತೆಗೆ ‘ಆಗು’ ಸೇರಿದರೆ ಅರ್ಥ ತಿರುಗುತ್ತದೆ. ನೀರುಪಾಲಾಯಿತು, ಮಣ್ಣುಪಾಲಾಯಿತು, ಬೆಂಕಿಪಾಲಾಯಿತು ಎಂದರೆ ಎಲ್ಲವೂ ನಷ್ಟ. ‘ಅಕ್ಕಿ ಬಡವರ ಪಾಲಾಯಿತು’ ಎಂದು ಬರೆದರೆ ಕೈಬಿಟ್ಟು ಹೋಯಿತು ಎಂಬ ಧ್ವನಿ ಬಂದೀತೇ? ‘ಎತ್ತಿಡು’, ‘ಸಲ್ಲಿಸು’, ‘ಮುಟ್ಟಿಸು’ ಜೊತೆ ಬಳಸಿದರೆ ಈ ತೊಂದರೆ ಇಲ್ಲವೆಂದು ನನ್ನ ಕಿವಿ ಹೇಳುತ್ತದೆ. ‘ಬಡವರ ಪಾಲು ಎತ್ತಿಡೋಣ’, ‘ಅವರ ಪಾಲನ್ನು ಅವರಿಗೆ ಮುಟ್ಟಿಸೋಣ’ ಎಂಬ ವಾಕ್ಯಗಳು ಘಟ್ಟದ ಮೇಲಿನವರ ಕಿವಿಗೆ ಹೇಗೆ ಕೇಳಿಸುತ್ತವೆ? ಇನ್ನೊಂದು ಮಾತು, ಮಲಯಾಳದಲ್ಲಿ ಓದಿದ ನಮ್ಮ ಮಕ್ಕಳಿಗೆ ‘ಪಾಲ್’ ಎಂದೊಡನೆ ಹಾಲು ನೆನಪಾಗುತ್ತದೆ. ಮಲಯಾಳದಲ್ಲಿ ‘ಪಙ್ಕ್’ ಎಂದು ಬರೆದು ಅದನ್ನು ಸರಿಮಾಡಬಹುದು.

ಇದರಿಂದಲೇ ಹುಟ್ಟಿದ ಉಪಪ್ರಶ್ನೆಯೊಂದು ವ್ಯಾಕರಣ ಬಲ್ಲವರಿಗೆ. ಹಳಗನ್ನಡದ ‘ಪಿಡಿ’ ಹೊಸಗನ್ನಡದಲ್ಲಿ ‘ಹಿಡಿ’ಯಾಯಿತು, ಕುಡಿಯುವ ‘ಪಾಲ್’ ‘ಹಾಲು’ ಆಯಿತು. ಭಾಗ ಎಂಬರ್ಥದ ‘ಪಾಲು’ ಮಾತ್ರ ಪಕಾರ ಬಿಡದೆ ಉಳಿದದ್ದು ಹೇಗೆ? ‘ಹಾಡು’ ಇದ್ದರೂ ‘ಅವರ ಪಾಡಿಗೆ ಅವರು’ ಎಂಬಲ್ಲಿಯ ‘ಪಾಡು’ ಉಳಿದ ಹಾಗೆ, ಎರಡು ಪದ ಒಂದಕ್ಕೊಂದು ಬೆರೆಯದಿರಲೆಂದು ಆಡುವವರೇ ಕಾಪಾಡಿಕೊಂಡರೆಂದು ನನ್ನ ಊಹೆ. ಬೇರೆ ಕಾರಣ ಇದ್ದರೆ ವಿವರಿಸಿ.

ಬೇಳ, ಕಯ್ಯಾರು, ವರ್ಕಾಡಿ, ಕುಂಬಳೆ ಕಡೆಯವರು ತಮ್ಮ ಇಗರ್ಜಿಗಳಲ್ಲಿ ಹಿರಿಯರು ಏನೆನ್ನುತ್ತಿದ್ದರು ಎಂದು ಕೇಳಿ ತಿಳಿಸಿದರೆ ದೊಡ್ಡ ಉಪಕಾರ. ತಾಳವಾಡಿ, ಹೊಸೂರು ಕಡೆಯ ಕನ್ನಡ ಕ್ರೈಸ್ತರಲ್ಲಿ ತಮಿಳಿನ ಪ್ರಭಾವದಿಂದ ಬೇರೆಯೇ ಪದ ಇದ್ದರೆ ಅದನ್ನೂ ಬರೆಯಿರಿ. ಕ್ರೈಸ್ತರಲ್ಲದವರೂ ಹೇಳಬಹುದು: ಮನೆಯಲ್ಲಿ ಬೆಳೆ ಬಂದಾಗ, ಹಬ್ಬದ ಅಡುಗೆಯಾದಾಗ ಇಲ್ಲದವರಿಗೆಂದು ಮೊದಲೇ ತೆಗೆದಿಡುವುದಕ್ಕೆ ನಿಮ್ಮಲ್ಲಿ ಯಾವ ಮಾತಿದೆ? ಮೊದಲ ಭಾನುವಾರದ ಪ್ರಕಟಣೆ ಅಚ್ಚಿಗೆ ಹೋಗುವ ಮೊದಲು ನಿಮ್ಮ ಉತ್ತರ ಸಿಕ್ಕರೆ ಅದರಲ್ಲೇ ಬಳಸುತ್ತೇನೆ.